3 ತಿಂಗಳು, 27 ಬರಹ, ದಿನಕ್ಕೆ 3 ಭೇಟಿ: ಮೊದಲ ಓದುಗರು ಎಲ್ಲಿಂದ ಬರುತ್ತಾರೆ?

ಲೋಲಕ:
ಎಲ್ಲರಿಗೂ ನಮಸ್ಕಾರ. ಕೀಲಿ ಕೊಟ್ಟು ನಡೆಸುವ ಹಳೆಯ ಗಡಿಯಾರಗಳನ್ನು ಬಿಚ್ಚಿ ಸರಿಪಡಿಸುವುದು ನನ್ನ ಬಹುಕಾಲದ ಹವ್ಯಾಸ. ಕಲಿತದ್ದನ್ನು ಬರೆದಿಡೋಣವೆಂದು 3 ತಿಂಗಳ ಹಿಂದೆ ಸ್ವಂತ ಡೊಮೇನ್ (ಜಾಲತಾಣದ ಹೆಸರು) ಕೊಂಡು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಬ್ಲಾಗ್ ಆರಂಭಿಸಿದೆ. ಥೀಮ್ ಆರಿಸುವುದಕ್ಕೇ 2 ವಾರ ಹಿಡಿಯಿತು, ಲಾಂಛನವನ್ನು 4 ಸಲ ಬದಲಿಸಿದೆ. ಆಮೇಲೆ ಶಿಸ್ತಿನಿಂದ ಕುಳಿತು 27 ಬರಹಗಳನ್ನು ಹಾಕಿದ್ದೇನೆ. ಅಂಕಿಅಂಶದ ಪುಟ ತೆರೆದರೆ ದಿನಕ್ಕೆ 3 ಭೇಟಿ ಎಂದು ತೋರಿಸುತ್ತದೆ. ಒಂದು ನನ್ನದು, ಇನ್ನೊಂದು ನನ್ನ ತಮ್ಮನದು, ಮೂರನೆಯವರು ಯಾರೆಂದು ನನಗೂ ತಿಳಿಯದು. ಚೆನ್ನಾಗಿ ಬರೆದರೆ ಓದುಗರು ತಾವಾಗಿಯೇ ಬರುತ್ತಾರೆ ಎಂಬ ಮಾತನ್ನು ನಂಬಿ ಕುಳಿತವನು ನಾನು. ಇನ್ನೂ ಕಾಯಬೇಕೇ ಅಥವಾ ಎದ್ದು ಹುಡುಕಿಕೊಂಡು ಹೋಗಬೇಕೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಅರ್ಧವಿರಾಮ:
ಮೂರನೆಯವರು ಯಾವುದೋ ಬಾಟ್, ಅಂದರೆ ತಾನಾಗಿಯೇ ಪುಟಗಳನ್ನು ತೆರೆದು ಓದುವ ತಂತ್ರಾಂಶ ಇರಬೇಕು. ಬೇಸರ ಮಾಡಿಕೊಳ್ಳಬೇಡಿ, ನಿಷ್ಠಾವಂತ ಓದುಗರೇ ಅವರು.

ದಾರಿಹೋಕ:
ಇದಕ್ಕೆ ಇಷ್ಟೊಂದು ಯೋಚನೆ ಏಕೆ? ಬರಹ ಹಾಕಿದ ತಕ್ಷಣ ನಿಮಗೆ ಗೊತ್ತಿರುವ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಫೇಸ್‌ಬುಕ್ ಗೋಡೆಗೂ ಲಿಂಕ್ ಹಾಕಿ. ದಿನಕ್ಕೆ ಎರಡು ಸಲ ಹಾಕಿದರೂ ತಪ್ಪಿಲ್ಲ. ನಾಚಿಕೆ ಬಿಟ್ಟವರಿಗೆ ಓದುಗರು ಸಿಗುತ್ತಾರೆ.

ಹಳೇಬೇರು:
ದಾರಿಹೋಕ ಅವರೇ, ನಾಚಿಕೆ ಬಿಟ್ಟು ನೋಡಿದವನು ನಾನು, ಆದ್ದರಿಂದ ನಿಮ್ಮ ಮಾತನ್ನು ಒಪ್ಪಲಾರೆ. ನನ್ನ ಮೊದಲ ಬ್ಲಾಗಿನ ಲಿಂಕನ್ನು ಬಂಧುಗಳ ಗುಂಪು, ಸಹಪಾಠಿಗಳ ಗುಂಪು, ಕಚೇರಿಯ ಗುಂಪು ಎಂದು ಎಲ್ಲೆಡೆ ಹಾಕಿದ್ದೆ. ಹೆಬ್ಬೆರಳು ಎತ್ತಿದವರು ನಲವತ್ತಕ್ಕೂ ಹೆಚ್ಚು ಮಂದಿ, ಪುಟ ತೆರೆದವರು ಆರೇ ಮಂದಿ. ಲಿಂಕ್ ಹಾಕಿದ ಮರುಕ್ಷಣವೇ «ಅದ್ಭುತ ಬರಹ» ಎಂದು ಉತ್ತರಿಸಿದವರು ಅದನ್ನು ಓದಿರಲು ಸಾಧ್ಯವೇ ಇರಲಿಲ್ಲ. ಬಂಧುಗಳಿಗೆ ನಿಮ್ಮ ಮೇಲೆ ಪ್ರೀತಿ ಇರುತ್ತದೆ, ಗಡಿಯಾರದ ಮೇಲೆ ಇರುವುದಿಲ್ಲ. ಎರಡನೆಯ ವಾರಕ್ಕೆ ಅವರ ದಾಕ್ಷಿಣ್ಯ ಮುಗಿಯುತ್ತದೆ, ಮೂರನೆಯ ವಾರಕ್ಕೆ ನಿಮ್ಮ ಹೆಸರು ಕಂಡರೆ ಗುಂಪನ್ನೇ ಮ್ಯೂಟ್ ಮಾಡುತ್ತಾರೆ.

ಸೂಚಿಪತ್ರ:
ಪ್ರಚಾರದ ಜಗಳ ಆಮೇಲೆ ಆಡೋಣ. ಅದಕ್ಕೂ ಮೊದಲು ಲೋಲಕ ಅವರು ಒಂದು ಪರೀಕ್ಷೆ ಮಾಡಲಿ. ಗೂಗಲ್‌ನಲ್ಲಿ ಇಂಗ್ಲಿಷಿನ «ಸೈಟ್» ಎಂಬ ಪದ, ಅದಕ್ಕೆ ಅಂಟಿದಂತೆ ಒಂದು ಕೋಲನ್, ಅದಕ್ಕೆ ಅಂಟಿದಂತೆ ನಿಮ್ಮ ಡೊಮೇನಿನ ವಿಳಾಸ ಬರೆದು ಹುಡುಕಿ. ನಡುವೆ ಖಾಲಿ ಜಾಗ ಬಿಡಬೇಡಿ. ನಿಮ್ಮ ತಾಣದ ಯಾವ ಯಾವ ಪುಟಗಳು ಗೂಗಲ್‌ನ ಸೂಚಿಯಲ್ಲಿ, ಅಂದರೆ ಅದು ಹುಡುಕಿ ತೋರಿಸುವ ಪುಟಗಳ ಪಟ್ಟಿಯಲ್ಲಿ ಇವೆ ಎಂಬುದರ ಸ್ಥೂಲ ಅಂದಾಜು ಅದರಿಂದ ಸಿಗುತ್ತದೆ. ಎಷ್ಟು ಬಂದವು ಎಂದು ತಿಳಿಸಿ.

ಲೋಲಕ:
ಒಂದೂ ಬರಲಿಲ್ಲ. 27 ಬರಹಗಳಲ್ಲಿ ಒಂದೂ ಇಲ್ಲ, ಮುಖಪುಟವೂ ಇಲ್ಲ.

ಸೂಚಿಪತ್ರ:
ಹಾಗಿದ್ದರೆ ನಿಮ್ಮ ಅಂಗಡಿಯ ಬಾಗಿಲಿಗೆ ಬೀಗ ಬಿದ್ದಿದೆ. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್ ಒಳಗೆ ರೀಡಿಂಗ್ ಎಂಬ ವಿಭಾಗಕ್ಕೆ ಹೋಗಿ. ಅಲ್ಲಿ ಈ ತಾಣವನ್ನು ಸೂಚಿಗೆ ಸೇರಿಸದಂತೆ ಸರ್ಚ್ ಎಂಜಿನ್‌ಗಳನ್ನು ನಿರುತ್ಸಾಹಗೊಳಿಸುವ ಒಂದು ಚೌಕ ಇರುತ್ತದೆ. ಅದರಲ್ಲಿ ಟಿಕ್ ಗುರುತು ಇದೆಯೇ ನೋಡಿ.

ಲೋಲಕ:
ಇದೆ! ಥೀಮ್ ಹುಡುಕುತ್ತಿದ್ದ ದಿನಗಳಲ್ಲಿ, ಅರ್ಧಂಬರ್ಧ ಪುಟ ಯಾರ ಕಣ್ಣಿಗೂ ಬೀಳಬಾರದೆಂದು ನಾನೇ ಟಿಕ್ ಮಾಡಿದ್ದೆ. ತೆಗೆಯಲು ಮರೆತಿದ್ದೇನೆ. 3 ತಿಂಗಳಿಂದ ನಾನೇ ಬಾಗಿಲು ಹಾಕಿಕೊಂಡು ಒಳಗೆ ಕುಳಿತು «ಯಾರೂ ಬರುತ್ತಿಲ್ಲ» ಎಂದು ಗೊಣಗುತ್ತಿದ್ದೆ.

ಅರ್ಧವಿರಾಮ:
ಬಾಟ್ ಎಂದು ನಾನು ಹೇಳಿದ್ದನ್ನು ಹಿಂದಕ್ಕೆ ಪಡೆಯುತ್ತೇನೆ. ಅದಕ್ಕೂ ಪ್ರವೇಶವಿರಲಿಲ್ಲ.

ಸೂಚಿಪತ್ರ:
ಅಲ್ಲಿ ಒಂದು ಸಣ್ಣ ತಿದ್ದುಪಡಿ. ಪ್ರವೇಶ ಇತ್ತು. ಆ ಚೌಕ ಪುಟದ ತಲೆಯಲ್ಲಿ «ನೋಇಂಡೆಕ್ಸ್» ಎಂಬ ಸೂಚನೆಯನ್ನು ಇಡುತ್ತದೆ. ಬಾಟ್ ಒಳಗೆ ಬಂದು ಆ ಸೂಚನೆಯನ್ನು ಓದಿ, ಏನನ್ನೂ ಸೂಚಿಗೆ ಸೇರಿಸದೆ ಹೊರಟುಹೋಗುತ್ತದೆ.

ಕೊಂಡಿ:
ರೋಬಾಟ್ಸ್ ಕಡತದಲ್ಲಿ ತಡೆ ಹಾಕಿದರೂ ಇದೇ ಆಗುತ್ತದಲ್ಲವೇ?

ಸೂಚಿಪತ್ರ:
ಇಲ್ಲ, ಹಲವರು ಎಡವುವುದು ಅಲ್ಲಿಯೇ. ರೋಬಾಟ್ಸ್ ಕಡತ ಬಾಟ್‌ಗಳಿಗೆ «ಈ ಕಡೆ ಬರಬೇಡಿ» ಎಂದು ಹೇಳುತ್ತದೆ. 1994ರಲ್ಲಿ ಮಾರ್ಟಿನ್ ಕೋಸ್ಟರ್ ಸೂಚಿಸಿದ ಈ ಪದ್ಧತಿ ದಶಕಗಳ ಕಾಲ ಬರೀ ಒಡಂಬಡಿಕೆಯಂತೆ ನಡೆದುಕೊಂಡು ಬಂದು, 2022ರಲ್ಲಷ್ಟೇ ಅಧಿಕೃತ ಮಾನಕದ ರೂಪ ಪಡೆಯಿತು. ತಡೆ ಇದ್ದರೆ ಗೂಗಲ್ ಆ ಪುಟವನ್ನು ಓದುವುದಿಲ್ಲ, ನಿಜ. ಆದರೆ ಬೇರೆ ತಾಣವೊಂದು ಅದಕ್ಕೆ ಲಿಂಕ್ ಕೊಟ್ಟಿದ್ದರೆ ಒಳಗೇನಿದೆ ಎಂದು ಓದದೆಯೇ ಬರೀ ವಿಳಾಸವನ್ನು ಫಲಿತಾಂಶದಲ್ಲಿ ತೋರಿಸಬಹುದು. ಎರಡನ್ನೂ ಒಟ್ಟಿಗೆ ಹಾಕಿದವರ ಗತಿ ಇನ್ನೂ ವಿಚಿತ್ರ. ಬಾಟ್ ಒಳಗೆ ಬಂದರೆ ತಾನೇ ನೋಇಂಡೆಕ್ಸ್ ಓದುವುದು?

ಲೋಲಕ ಅವರು ಈಗ ಮಾಡಬೇಕಾದದ್ದು ಇಷ್ಟು. ಟಿಕ್ ತೆಗೆಯಿರಿ. ತಾಣದ ಒಡೆಯರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನದಲ್ಲಿ ತಾಣ ನಿಮ್ಮದೆಂದು ದೃಢಪಡಿಸಿ. 2020ರ 5.5ನೆಯ ಆವೃತ್ತಿಯಿಂದೀಚೆಗೆ ವರ್ಡ್‌ಪ್ರೆಸ್ ತಾನಾಗಿಯೇ ಸೈಟ್‌ಮ್ಯಾಪ್ (ತಾಣದ ಪುಟಗಳ ವಿಳಾಸಪಟ್ಟಿ) ತಯಾರಿಸುತ್ತದೆ, ಅದರ ವಿಳಾಸವನ್ನು ಅಲ್ಲಿ ಸಲ್ಲಿಸಿ. ಒಂದು ಸೈಟ್‌ಮ್ಯಾಪ್‌ನಲ್ಲಿ 50,000 ವಿಳಾಸಗಳವರೆಗೆ ಹಿಡಿಯುತ್ತವೆ, ನಿಮ್ಮ 27ಕ್ಕೆ ಧಾರಾಳವಾಯಿತು. ಇಷ್ಟೆಲ್ಲ ಮಾಡಿದ ಮೇಲೂ ಪುಟಗಳು ಸೂಚಿಗೆ ಸೇರಲು ಕೆಲವು ದಿನಗಳಿಂದ ಕೆಲವು ವಾರಗಳು ಹಿಡಿಯಬಹುದು, ಸೇರಿಯೇ ಸೇರುತ್ತವೆ ಎಂಬ ಖಾತರಿಯನ್ನು ಯಾರೂ ಕೊಡುವುದಿಲ್ಲ.

ದಾರಿಹೋಕ:
ಜೊತೆಗೆ ಪ್ರತಿ ಪುಟದ ಕೋಡ್‌ನೊಳಗೆ ವಿಷಯ ಸೂಚಿಸುವ ಪದಗಳಿಗೆಂದು ಇರುವ ಕೀವರ್ಡ್ಸ್ ಟ್ಯಾಗ್‌ನಲ್ಲಿ ನೂರು ಪದ ತುಂಬಿಸಿ.

ಸೂಚಿಪತ್ರ:
ಬೇಡ. ಶ್ರೇಯಾಂಕಕ್ಕೆ ಆ ಟ್ಯಾಗನ್ನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಬಹಿರಂಗವಾಗಿ ಹೇಳಿದೆ. ಅದನ್ನು ತುಂಬಿಸುವ ಹೊತ್ತಿನಲ್ಲಿ ಇನ್ನೊಂದು ಪ್ಯಾರಾ ಬರೆಯಬಹುದು.

ಹಳೇಬೇರು:
ಬಾಗಿಲು ತೆರೆದದ್ದು ಒಳ್ಳೆಯದಾಯಿತು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಜನ ಒಳಗೆ ಬರುತ್ತಾರೆಂದು ನಾನು ನಂಬುವುದಿಲ್ಲ. ಲೋಲಕ ಅವರೇ, ನಿಮ್ಮ ಬರಹಗಳ ನಾಲ್ಕು ಶೀರ್ಷಿಕೆಗಳನ್ನು ಇಲ್ಲಿ ಹಾಕಿ ನೋಡೋಣ.

ಲೋಲಕ:
«ಕಾಲದ ಮೌನ», «ನಿಂತ ನಾಡಿ», «ಹಿತ್ತಾಳೆಯ ಹಾಡು», «ಒಂದು ತೂಗಾಟದ ನೆನಪು».

ಹಳೇಬೇರು:
ಕವನ ಸಂಕಲನಕ್ಕೆ ಸೊಗಸಾದ ಹೆಸರುಗಳು. ಮನೆಯಲ್ಲಿ ಗಡಿಯಾರ ಕೆಟ್ಟು ನಿಂತಿರುವವನು «ಕಾಲದ ಮೌನ» ಎಂದು ಹುಡುಕುತ್ತಾನೆಯೇ? «ನಿಂತ ನಾಡಿ» ಎಂಬ ಬರಹದಲ್ಲಿ ನಿಜಕ್ಕೂ ಏನಿದೆ, ಹೇಳಿ.

ಲೋಲಕ:
ಲೋಲಕವಿರುವ ಗೋಡೆ ಗಡಿಯಾರವನ್ನು ಒಂದು ಗೋಡೆಯಿಂದ ತೆಗೆದು ಇನ್ನೊಂದಕ್ಕೆ ತೂಗುಹಾಕಿದಾಗ ಐದು ನಿಮಿಷ ನಡೆದು ನಿಂತುಬಿಡುತ್ತದೆ. ಜನ ಯಂತ್ರ ಕೆಟ್ಟಿತೆಂದು ದುರಸ್ತಿಗೆ ಒಯ್ಯುತ್ತಾರೆ. ಹಲವು ಸಲ ಒಳಗೆ ಏನೂ ಕೆಟ್ಟಿರುವುದಿಲ್ಲ. ಕಣ್ಣು ಮುಚ್ಚಿ ಸದ್ದು ಕೇಳಿಸಿಕೊಳ್ಳಿ. ಟಿಕ್ ಮತ್ತು ಟಾಕ್‌ಗಳ ನಡುವಿನ ಅಂತರ ಸಮನಾಗಿರದೆ, ಕುಂಟುವವರ ಹೆಜ್ಜೆಯಂತೆ ಒಂದು ದೀರ್ಘ, ಒಂದು ಹ್ರಸ್ವ ಆಗಿದ್ದರೆ, ಗಡಿಯಾರ ಹಿಂದಿನ ಗೋಡೆಯಲ್ಲಿದ್ದ ಭಂಗಿಯಲ್ಲಿಲ್ಲ ಎಂದರ್ಥ. ಪೆಟ್ಟಿಗೆಯ ಕೆಳತುದಿಯನ್ನು ಕೂದಲೆಳೆಯಷ್ಟು ಎಡಕ್ಕೋ ಬಲಕ್ಕೋ ಸರಿಸುತ್ತ ಬಂದರೆ ಒಂದು ಹಂತದಲ್ಲಿ ಎರಡೂ ಸದ್ದು ಸಮವಾಗುತ್ತವೆ. ಅಲ್ಲಿಗೆ ಬಿಡಬೇಕು, ಗಡಿಯಾರ ನಡೆಯುತ್ತದೆ. ಪೆಟ್ಟಿಗೆ ಕಣ್ಣಿಗೆ ಸೊಟ್ಟಗೆ ಕಂಡರೆ, ಅದನ್ನು ನೆಟ್ಟಗೆ ನಿಲ್ಲಿಸಿ ಲೋಲಕವನ್ನು ತಳ್ಳುವ ಒಳಗಿನ ಸಣ್ಣ ಕಡ್ಡಿಯನ್ನು ಬಹಳ ಮೆಲ್ಲಗೆ ಬಗ್ಗಿಸಬೇಕು.

ಕೊಂಡಿ:
ಇಷ್ಟು ಸ್ಪಷ್ಟವಾಗಿ ನಿಮ್ಮ ಬ್ಲಾಗಿನಲ್ಲಿಯೂ ಬರೆದಿದ್ದೀರಾ?

ಲೋಲಕ:
ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಇಲ್ಲ. ಅಲ್ಲಿ ಮೊದಲ ಆರು ಪ್ಯಾರಾಗಳು ಕಾಲದ ಸ್ವರೂಪದ ಬಗ್ಗೆ ಇವೆ. ಏಳನೆಯದರಲ್ಲಿ ಗಡಿಯಾರ ಬರುತ್ತದೆ.

ಹಳೇಬೇರು:
ಹಾಗಾದರೆ ಮೇಲೆ ಇಲ್ಲಿ ಬರೆದಿರಲ್ಲ, ಅದನ್ನೇ ಬರಹದ ಮೊದಲ ಪ್ಯಾರಾ ಮಾಡಿ. ಶೀರ್ಷಿಕೆಯನ್ನು «ಜಾಗ ಬದಲಿಸಿದ ಮೇಲೆ ಗೋಡೆ ಗಡಿಯಾರ ನಿಲ್ಲುವುದೇಕೆ?» ಎಂದಿಡಿ. ಹೊಸ ಬ್ಲಾಗಿಗೆ ಬರುವವರು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ, ತಮ್ಮ ತೊಂದರೆಯನ್ನು ಹೊತ್ತುಕೊಂಡು ಬರುತ್ತಾರೆ. ಲೇಖಕನ ಹೆಸರು ಅವರ ಕಣ್ಣಿಗೆ ಬೀಳುವುದು ತೊಂದರೆ ಕಳೆದ ಮೇಲೆ.

ಮುನ್ನುಡಿ:
ಕ್ಷಮಿಸಿ, ಇದನ್ನು ನಾನು ವಿರೋಧಿಸುತ್ತೇನೆ. ಎಲ್ಲರೂ ಹುಡುಕಾಟದ ಪೆಟ್ಟಿಗೆಗೆಂದೇ ಬರೆಯತೊಡಗಿದ್ದರಿಂದಲೇ ಇಂದು ಅಂತರ್ಜಾಲ ಪ್ರಶ್ನೋತ್ತರದ ಕೈಪಿಡಿಯಂತಾಗಿದೆ. ತೊಂದರೆ ಕಳೆದುಕೊಂಡವನು ಪುಟ ಮುಚ್ಚಿ ಹೊರಟುಹೋಗುತ್ತಾನೆ, ಅವನನ್ನು ಓದುಗ ಎನ್ನಬಹುದೇ? «ಹಿತ್ತಾಳೆಯ ಹಾಡು» ಎಂಬ ಹೆಸರು ನೋಡಿ ಒಳಗೆ ಬಂದವರು ಹತ್ತೇ ಮಂದಿಯಾದರೂ ಮತ್ತೆ ಬರುತ್ತಾರೆ.

ಹಳೇಬೇರು:
ಬಂದರೆ ತಾನೇ ಮತ್ತೆ ಬರುವುದು? ಆ ಹೆಸರನ್ನು ನೋಡುವ ಅವಕಾಶವಾದರೂ ಅವರಿಗೆ ಎಲ್ಲಿ ಸಿಗುತ್ತದೆ?

ಮುನ್ನುಡಿ:
ಅದು ನ್ಯಾಯವಾದ ಪ್ರಶ್ನೆ. ಹಾಗಿದ್ದರೂ 27ನ್ನೂ ಬದಲಿಸಬೇಡಿ ಎಂದಷ್ಟೇ ನನ್ನ ಕೋರಿಕೆ. ಐದಾರು ಬರಹಗಳು ಬೀದಿಗೆ ತೆರೆದ ಬಾಗಿಲುಗಳಂತಿರಲಿ, ಉಳಿದವು ಒಳಮನೆಯಾಗಿರಲಿ. ಬಾಗಿಲಿನಿಂದ ಒಳಮನೆಗೆ ದಾರಿ ಇರಬೇಕು, ಅಂದರೆ ಬರಹದಿಂದ ಬರಹಕ್ಕೆ ಲಿಂಕ್ ಇರಬೇಕು. ಲೋಲಕ ಅವರೇ, ನಿಮ್ಮ ಬರಹಗಳು ಒಂದನ್ನೊಂದು ಉಲ್ಲೇಖಿಸುತ್ತವೆಯೇ?

ಲೋಲಕ:
ಇಲ್ಲ. ಒಂದೊಂದೂ ದ್ವೀಪ.

ಸೂಚಿಪತ್ರ:
ಶೀರ್ಷಿಕೆ ಬದಲಿಸುವಾಗ ವಿಳಾಸದ ಕಡೆಗೂ ಗಮನವಿರಲಿ. ಕನ್ನಡ ಲಿಪಿಯ ಒಂದೊಂದು ಯೂನಿಕೋಡ್ ಚಿಹ್ನೆಯೂ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ತೆಗೆದುಕೊಳ್ಳುತ್ತದೆ. ಅದನ್ನು ವಿಳಾಸದಲ್ಲಿ ಬರೆಯುವಾಗ ಪ್ರತಿ ಬೈಟೂ ಶೇಕಡಾ ಚಿಹ್ನೆ ಹೊತ್ತ 3 ಅಕ್ಷರಗಳಾಗಿ, ಒಂದು ಚಿಹ್ನೆಗೆ 9 ಅಕ್ಷರಗಳಾಗುತ್ತವೆ. «ಲೋಲಕದ ಗಡಿಯಾರ» ಎಂಬ ಎರಡೇ ಪದಗಳು, ಸ್ವರಚಿಹ್ನೆಗಳನ್ನೂ ಬಿಡಿಯಾಗಿ ಎಣಿಸಿದರೆ 11 ಚಿಹ್ನೆಗಳು, ನಡುವಿನ ಅಡ್ಡಗೆರೆಯೂ ಸೇರಿ 100 ಅಕ್ಷರಗಳ ಬಾಲವಾಗುತ್ತವೆ. ವರ್ಡ್‌ಪ್ರೆಸ್ ಈ ಭಾಗಕ್ಕೆ 200 ಅಕ್ಷರಗಳ ಮಿತಿ ಇಟ್ಟಿರುವುದರಿಂದ ಉದ್ದನೆಯ ಕನ್ನಡ ಶೀರ್ಷಿಕೆ ವಿಳಾಸದಲ್ಲಿ ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಅದನ್ನು ಸಂದೇಶದಲ್ಲಿ ಅಂಟಿಸಿದರೆ ನೋಡಿದವರು ವೈರಸ್ ಎಂದು ಹೆದರುತ್ತಾರೆ. ಶೀರ್ಷಿಕೆ ಕನ್ನಡದಲ್ಲೇ ಇರಲಿ, ವಿಳಾಸವನ್ನು ರೋಮನ್ ಅಕ್ಷರಗಳಲ್ಲಿ ಎರಡು ಮೂರು ಪದಗಳಿಗೆ ಇಳಿಸಿ. ಈಗಾಗಲೇ ಯಾರಿಗಾದರೂ ಕೊಟ್ಟಿರುವ ಹಳೆಯ ವಿಳಾಸವನ್ನು ಬದಲಿಸಿದರೆ, ಅಲ್ಲಿಗೆ ಬಂದವರನ್ನು ಹೊಸದಕ್ಕೆ ಕಳುಹಿಸುವ 301 ಎಂಬ ಶಾಶ್ವತ ಮರುನಿರ್ದೇಶನ ಹಾಕುವುದನ್ನು ಮರೆಯಬೇಡಿ.

ಅರ್ಧವಿರಾಮ:
ಈವರೆಗೆ ಯಾರೂ ಓದಿಲ್ಲವಾದ್ದರಿಂದ ಯಾವ ವಿಳಾಸವೂ ಮುರಿಯುವುದಿಲ್ಲ. ಓದುಗರಿಲ್ಲದ ಬ್ಲಾಗಿನ ಏಕೈಕ ಸೌಲಭ್ಯ ಇದು.

ವೇಗದೂತ:
ಈ ತಾಪತ್ರಯವೆಲ್ಲ ಏಕೆ? ಒಂದೇ ವಾರದಲ್ಲಿ 10,000 ಭೇಟಿಗಳನ್ನು ನಾನು ಕೊಡಿಸಿಕೊಡುತ್ತೇನೆ, 500 ಲಿಂಕ್‌ಗಳೂ ಜೊತೆಗೆ. ಖಾಸಗಿ ಸಂದೇಶ ಕಳುಹಿಸಿ.

ಕೊಂಡಿ:
ಯಾರೂ ಕಳುಹಿಸಬೇಡಿ. ಹಣ ಕೊಟ್ಟು ತರಿಸಿದ ಭೇಟಿಗಳಲ್ಲಿ ಒಬ್ಬರೂ ಒಂದು ಸಾಲು ಓದಿರುವುದಿಲ್ಲ. ಅಂಕಿಅಂಶ ಉಬ್ಬಿ, ನಿಜವಾಗಿ ಬಂದ ನಾಲ್ಕು ಜನ ಆ ಜಾತ್ರೆಯಲ್ಲಿ ಕಾಣದಂತಾಗುತ್ತಾರೆ. ಕೊಂಡ ಲಿಂಕ್‌ಗಳ ಕಥೆ ಇನ್ನೂ ಕೆಟ್ಟದ್ದು. 2012ರಲ್ಲಿ ಗೂಗಲ್ ಫಲಿತಾಂಶಗಳನ್ನು ಜೋಡಿಸುವ ಕ್ರಮದಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ತಂದಾಗ ಹೀಗೆ ಲಿಂಕ್ ಕೂಡಿಹಾಕಿದ್ದ ತಾಣಗಳು ಫಲಿತಾಂಶದಲ್ಲಿ ಪಾತಾಳಕ್ಕಿಳಿದವು.

ದಾರಿಹೋಕ:
ಗುಂಪುಗಳಲ್ಲಿ ಹಂಚಬಾರದು, ಕೊಳ್ಳಬಾರದು, ಕೀವರ್ಡ್ ತುಂಬಬಾರದು. ಹಾಗಾದರೆ ಏನು ಮಾಡಬೇಕು ಎಂಬುದನ್ನು ಯಾರಾದರೂ ಹೇಳುವಿರಾ?

ಕೊಂಡಿ:
ಹೇಳುತ್ತೇನೆ. ಟಿಮ್ ಬರ್ನರ್ಸ್-ಲೀ ಜಗತ್ತಿನ ಮೊದಲ ಜಾಲತಾಣವನ್ನು ಕಟ್ಟಿದಾಗ ಅವರ ಮುಂದಿದ್ದದ್ದೂ ಲೋಲಕ ಅವರ ಪ್ರಶ್ನೆಯೇ, ಅದೂ ಸರ್ಚ್ ಎಂಜಿನ್ ಎಂಬುದೇ ಜಾಲದಲ್ಲಿ ಇಲ್ಲದ ಕಾಲದಲ್ಲಿ. 1991ರ ಆಗಸ್ಟ್ 6ರಂದು ಅವರು ಯೂಸ್‌ನೆಟ್ ಎಂಬ ಹಳೆಯ ಚರ್ಚಾಜಾಲದಲ್ಲಿ ಹೈಪರ್‌ಟೆಕ್ಸ್ಟ್ (ಲಿಂಕ್‌ಗಳಿಂದ ಬೆಸೆದ ಪಠ್ಯ) ಕುರಿತ ಒಂದು ಸುದ್ದಿಗುಂಪಿಗೆ ಹೋಗಿ ತಮ್ಮ ಯೋಜನೆಯ ಬಗ್ಗೆ ಬರೆದರು. ಅದನ್ನು ಅವರು ಎಲ್ಲೆಂದರಲ್ಲಿ ಹಾಕಲಿಲ್ಲ, ಆ ವಿಷಯದಲ್ಲೇ ಮುಳುಗಿದ್ದವರು ಸೇರುವ ಜಾಗದಲ್ಲಿ ಹಾಕಿದರು. ಮತ್ತೊಂದು ಸ್ವಾರಸ್ಯವೆಂದರೆ, ಆ ಗುಂಪಿನಲ್ಲಿ ಬೇರೊಬ್ಬರು ಕೇಳಿದ್ದ ಪ್ರಶ್ನೆಗೆ ಉತ್ತರವಾಗಿ ಅವರು ಅದನ್ನು ಬರೆದರು. ಲೋಲಕ ಅವರು ಮಾಡಬೇಕಾದದ್ದೂ ಅದನ್ನೇ. ಹಳೆಯ ಗಡಿಯಾರ ಸಂಗ್ರಹಿಸುವವರು, ದುರಸ್ತಿ ಕಲಿಯುವವರು, ಮನೆಯ ಹಳೆಯ ವಸ್ತುಗಳನ್ನು ಉಳಿಸಿಕೊಳ್ಳುವವರು ಎಲ್ಲಿ ಮಾತನಾಡುತ್ತಾರೋ ಅಲ್ಲಿಗೆ ಹೋಗಿ ಕುಳಿತುಕೊಳ್ಳಿ.

ದಾರಿಹೋಕ:
ಅಲ್ಲಿಗೆ ಹೋಗಿ ಲಿಂಕ್ ಹಾಕುವುದಕ್ಕೂ ನಾನು ಹೇಳಿದ್ದಕ್ಕೂ ವ್ಯತ್ಯಾಸವೇನು? ನೀವು ಹಾಕಿದರೆ ಸೇವೆ, ನಾನು ಹಾಕಿದರೆ ಸ್ಪ್ಯಾಮ್ ಎಂದಂತಾಯಿತು.

ಕೊಂಡಿ:
ವ್ಯತ್ಯಾಸ ಇದೆ. ಉತ್ತರವನ್ನು ಅಲ್ಲೇ ಪೂರ್ತಿಯಾಗಿ ಬರೆಯಿರಿ. ಲಿಂಕ್ ಒತ್ತದವನಿಗೂ ಅವನ ಗಡಿಯಾರ ನಡೆಯುವಂತಾಗಬೇಕು. ಚಿತ್ರಗಳೋ ಮುಂದಿನ ಹಂತಗಳೋ ನಿಮ್ಮ ಬ್ಲಾಗಿನಲ್ಲಿದ್ದರೆ ಮಾತ್ರ ಕೊನೆಯಲ್ಲಿ ಲಿಂಕ್ ಕೊಡಿ, ಅದು ನಿಮ್ಮದೇ ಬ್ಲಾಗ್ ಎಂದು ಮರೆಮಾಚದೆ ಹೇಳಿ. ಹತ್ತು ಉತ್ತರಗಳಲ್ಲಿ ಏಳೆಂಟರಲ್ಲಿ ಲಿಂಕ್ ಇಲ್ಲದಿದ್ದರೂ ನಷ್ಟವಿಲ್ಲ, ಕುತೂಹಲವಿರುವವರು ನಿಮ್ಮ ಹೆಸರನ್ನು ಒತ್ತಿ ನೋಡುತ್ತಾರೆ.

ದಾರಿಹೋಕ:
ನಿಧಾನದ ದಾರಿ. ಆದರೂ ಒಪ್ಪಿದೆ ಎಂದಿಟ್ಟುಕೊಳ್ಳಿ.

ಒಳದನಿ:
ಬಂದವರನ್ನು ಉಳಿಸಿಕೊಳ್ಳುವ ಬಗ್ಗೆ ಯಾರೂ ಮಾತನಾಡುತ್ತಿಲ್ಲ. ಒಂದು ಕಾಲದಲ್ಲಿ ಇಷ್ಟವಾದ ಬ್ಲಾಗನ್ನು, ಹಲವು ತಾಣಗಳ ಹೊಸ ಬರಹಗಳನ್ನು ಒಂದೆಡೆ ತಂದು ತೋರಿಸುವ ಫೀಡ್ ರೀಡರಿಗೆ ಸೇರಿಸಿಕೊಂಡರೆ ಮುಗಿಯುತ್ತಿತ್ತು, ಹೊಸ ಬರಹ ತಾನಾಗಿ ಮನೆಗೆ ಬರುತ್ತಿತ್ತು. 2013ರ ಜುಲೈ 1ರಂದು ಗೂಗಲ್ ರೀಡರ್ ಮುಚ್ಚಿದ ದಿನ ನಾನು ಓದುತ್ತಿದ್ದ ಎಷ್ಟೋ ಬ್ಲಾಗುಗಳು ನನ್ನಿಂದ ಕಳಚಿಕೊಂಡವು, ಅವುಗಳ ಹೆಸರು ಕೂಡ ಈಗ ನೆನಪಿಲ್ಲ. ಫೀಡ್ ಸತ್ತಿಲ್ಲ, ವರ್ಡ್‌ಪ್ರೆಸ್ ಇಂದಿಗೂ ಅದನ್ನು ತಾನಾಗಿಯೇ ಕೊಡುತ್ತದೆ, ಆದರೆ ಬಳಸುವವರು ಕಡಿಮೆ. ಆದ್ದರಿಂದ ಪ್ರತಿ ಬರಹದ ಕೆಳಗೆ ಇಮೇಲ್ ಚಂದಾದಾರಿಕೆಯ ಒಂದು ಸಣ್ಣ ಪೆಟ್ಟಿಗೆ ಇಡಿ. ಪುಟ ತೆರೆದ ಕೂಡಲೇ ಮುಖಕ್ಕೆ ಹಾರುವ ಪಾಪ್‌ಅಪ್ ಮಾತ್ರ ಬೇಡ. ಇನ್ನೂ ಕುಳಿತುಕೊಳ್ಳದ ಅತಿಥಿಯ ಮುಂದೆ ವಿಳಾಸದ ಪುಸ್ತಕ ಹಿಡಿದಂತೆ ಅದು.

ಹಳೇಬೇರು:
ಇಮೇಲ್ ಪಟ್ಟಿಯ ಮಾತು ನೂರಕ್ಕೆ ನೂರು ನಿಜ. ನಾನು 5 ವರ್ಷ ಬರೆದ ಉಚಿತ ತಾಣವೊಂದು ಒಂದು ತಿಂಗಳ ನೋಟಿಸ್ ಕೊಟ್ಟು ಮುಚ್ಚಿತು. ಬರಹಗಳನ್ನು ಇಳಿಸಿಕೊಂಡೆ, ಓದುಗರನ್ನು ಇಳಿಸಿಕೊಳ್ಳಲು ಆಗಲಿಲ್ಲ. ಲೋಲಕ ಅವರು ಸ್ವಂತ ಡೊಮೇನ್ ಕೊಂಡಿರುವುದು ಈ ದೃಷ್ಟಿಯಿಂದ ಜಾಣತನ. ಅದರ ನವೀಕರಣದ ದಿನಾಂಕವನ್ನು ಮಾತ್ರ ಎಲ್ಲಾದರೂ ಬರೆದಿಡಿ.

ಸೂಚಿಪತ್ರ:
ಅಂಕಿಅಂಶ ನೋಡುವ ಬಗ್ಗೆಯೂ ಒಂದು ಮಾತು. ಮೊದಲು ನಿಮ್ಮದೇ ಭೇಟಿಗಳನ್ನು ಎಣಿಕೆಯಿಂದ ತೆಗೆಯಿರಿ, ನೀವು ಬಳಸುವ ಪ್ರತಿಯೊಂದು ಸಾಧನದಲ್ಲೂ. ಎಷ್ಟು ಮಂದಿ ಬಂದರು ಎನ್ನುವುದಕ್ಕಿಂತ ಎಲ್ಲಿಂದ ಬಂದರು ಎಂಬ ಕಾಲಮ್ಮನ್ನು ನೋಡಿ. ಸರ್ಚ್ ಕನ್ಸೋಲ್‌ನಲ್ಲಿ ಜನ ಏನನ್ನು ಹುಡುಕಿದಾಗ ನಿಮ್ಮ ಪುಟ ಕಾಣಿಸಿಕೊಂಡಿತು ಎಂಬ ಪಟ್ಟಿ 16 ತಿಂಗಳವರೆಗೆ ಸಿಗುತ್ತದೆ. ಮುಂದೆ ಏನು ಬರೆಯಬೇಕೆಂಬ ಸಲಹೆ ಅಲ್ಲಿಯೇ ಇರುತ್ತದೆ.

ಅರ್ಧವಿರಾಮ:
ಎಲ್ಲಿಂದ ಬಂದರು ಎಂದು ತಿಳಿಸಲು ಬ್ರೌಸರ್ ತಾಣಕ್ಕೆ ಕಳುಹಿಸುವ «ರೆಫರರ್» ಎಂಬ ಎಚ್‌ಟಿಟಿಪಿ ಹೆಡರಿನ ಹೆಸರಿನಲ್ಲಿ ಇಂಗ್ಲಿಷ್ ಕಾಗುಣಿತವೇ ತಪ್ಪಿದೆ, ಒಂದು «ಆರ್» ಕಡಿಮೆ. 1996ರ ಮಾನಕದಲ್ಲಿ ಹಾಗೆಯೇ ಅಚ್ಚಾಗಿ, ಇಂದಿಗೂ ಜಗತ್ತಿನ ಬ್ರೌಸರುಗಳೆಲ್ಲ ತಪ್ಪನ್ನೇ ಬರೆಯುತ್ತಿವೆ. ಬರಹದಲ್ಲಿ ಅಕ್ಷರದೋಷ ಬಿದ್ದರೆ ಲೋಲಕ ಅವರು ಹೆಚ್ಚು ನೊಂದುಕೊಳ್ಳಬೇಕಿಲ್ಲ.

ಲೋಲಕ:
5 ವಾರಗಳ ನಂತರ ವರದಿ ಒಪ್ಪಿಸಲು ಬಂದಿದ್ದೇನೆ. ಟಿಕ್ ತೆಗೆದು, ಸೈಟ್‌ಮ್ಯಾಪ್ ಸಲ್ಲಿಸಿದ ಮೇಲೆ 27ರಲ್ಲಿ 19 ಪುಟಗಳು ಸೂಚಿಗೆ ಸೇರಿವೆ. ಆರು ಬರಹಗಳ ಶೀರ್ಷಿಕೆಯನ್ನೂ ಮೊದಲ ಪ್ಯಾರಾವನ್ನೂ ಬದಲಿಸಿದೆ, «ಹಿತ್ತಾಳೆಯ ಹಾಡು» ಹಾಗೆಯೇ ಇದೆ. ಗಡಿಯಾರ ಸಂಗ್ರಾಹಕರ ಒಂದು ಗುಂಪಿನಲ್ಲಿ ಒಂಬತ್ತು ಪ್ರಶ್ನೆಗಳಿಗೆ ಉತ್ತರಿಸಿದೆ, ಎರಡರಲ್ಲಿ ಮಾತ್ರ ಲಿಂಕ್ ಕೊಟ್ಟೆ. ಈಗ ದಿನಕ್ಕೆ ಹತ್ತು ಹನ್ನೆರಡು ಮಂದಿ ಬರುತ್ತಾರೆ. ಹೆಚ್ಚಿನವರು ಗಡಿಯಾರ ನಿಲ್ಲುವ ಬರಹಕ್ಕೆ ಬಂದು, ಕೆಲವರು ಅಲ್ಲಿಂದ ಮುಂದಿನದಕ್ಕೂ ಹೋಗುತ್ತಾರೆ.

ಮೊನ್ನೆ ಅಪರಿಚಿತರೊಬ್ಬರ ಮೊದಲ ಕಮೆಂಟ್ ಬಂತು. ಮೆಚ್ಚುಗೆ ಇರಬಹುದೆಂದು ತೆರೆದರೆ ಅದು ಆಕ್ಷೇಪಣೆ. ಗಡಿಯಾರ ಹಿಂದೆ ಬೀಳುತ್ತಿದ್ದರೆ ಲೋಲಕದ ಬಿಲ್ಲೆಯನ್ನು ಕೆಳಗಿಳಿಸಿ ಎಂದು ನಾನು ಬರೆದಿದ್ದೆನಂತೆ. ಇಳಿಸಿದರೆ ಲೋಲಕ ಉದ್ದವಾಗಿ ಗಡಿಯಾರ ಇನ್ನಷ್ಟು ನಿಧಾನವಾಗುತ್ತದೆ, ಮೇಲಕ್ಕೇರಿಸಬೇಕು. ಕೈ ಅದನ್ನು ನೂರಾರು ಸಲ ಸರಿಯಾಗಿ ಮಾಡಿದೆ, ಬರೆಯುವಾಗ ಉಲ್ಟಾ ಬರೆದಿದ್ದೇನೆ. 4 ತಿಂಗಳು ಆ ತಪ್ಪು ಅಲ್ಲೇ ಕುಳಿತಿತ್ತು. ತಿದ್ದಿ, ಅವರಿಗೆ ಧನ್ಯವಾದ ಹೇಳಿದೆ. ಅವರು ಚಂದಾದಾರರೂ ಆಗಿದ್ದಾರೆ.

ಹಳೇಬೇರು:
ಅಭಿನಂದನೆಗಳು. ತಪ್ಪು ಹಿಡಿಯುವಷ್ಟು ಗಮನವಿಟ್ಟು ಓದಿದವರನ್ನು ಬಿಡಬೇಡಿ. ಮುಂದಿನ ಬರಹವನ್ನು ಹಾಕುವ ಮೊದಲು ಅವರಿಗೇ ತೋರಿಸಿ.

ಅರ್ಧವಿರಾಮ:
ಅದೆಲ್ಲ ಸರಿ, ಆರಂಭದ ದಿನಗಳ ಆ ಮೂರನೆಯ ಓದುಗರು ಯಾರೆಂದು ತಿಳಿಯಿತೇ?

ಲೋಲಕ:
ತಿಳಿಯಿತು. ಸೂಚಿಪತ್ರ ಅವರು ಹೇಳಿದಂತೆ ನನ್ನ ಭೇಟಿಗಳನ್ನು ಎಣಿಕೆಯಿಂದ ತೆಗೆದ ದಿನ ಅವರೂ ಕಾಣೆಯಾದರು. ರಾತ್ರಿ ಮಲಗುವ ಮುನ್ನ ಯಾರಾದರೂ ಬಂದಿದ್ದಾರೆಯೇ ಎಂದು ನಾನು ತೆರೆದು ನೋಡುತ್ತಿದ್ದ ನನ್ನ ಫೋನೇ ಅದು.